ಹೊಸಿಲ ಮೇಲಿನ ಕೂದಲುಂಡೆ

ಅದನ್ನು ಮೊದಲು ನೋಡಿದವಳು ನಾನಲ್ಲ. ಕಿರುಚಾಟ ಕೇಳಿ ಅಂಗಳ ದಾಟಿ ಓಡಿದಾಗ ಓನರಮ್ಮನ ನಡುಮನೆಯಲ್ಲಿ ಎಲ್ಲರೂ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಮಗುವಿನ ತೊಟ್ಟಿಲು ಇದ್ದ ಕೋಣೆಯ ಹೊಸಿಲ ಮೇಲೆ, ಬೆಳಿಗ್ಗೆ ತಾನೇ ರಂಗೋಲಿ ಎಳೆದ ಜಾಗದಲ್ಲಿ, ಹೆಬ್ಬೆರಳಿಗಿಂತ ದಪ್ಪಗಿನ ಒಂದು ಕೂದಲಿನ ಉಂಡೆ ಬಿದ್ದಿತ್ತು. ಉಂಡೆ ಅಂದರೆ ಗುಂಡಗೂ ಇಲ್ಲ. ಯಾರೋ ಅಂಗೈಯಲ್ಲಿಟ್ಟು ಉದ್ದಕ್ಕೆ ಹೊಸೆದ ಹಾಗೆ. ಕಪ್ಪಗೆ, ಒದ್ದೆಯಾಗಿ, ಮೈತುಂಬ ಹಳದಿ ಲೇಪ ಹಚ್ಚಿಕೊಂಡು. ಒಂದು ತುದಿಯಿಂದ ಕೆಂಪು ದಾರವೊಂದು ಇಣುಕುತ್ತಿತ್ತು.

"ಮುಟ್ಬ್ಯಾಡ್ರೀ! ಯಾರೂ ಮುಟ್ಬ್ಯಾಡ್ರಿ!" ಓನರಮ್ಮ ಎರಡೂ ಕೈ ಅಗಲಿಸಿ ನಿಂತಿದ್ದರು. "ಮಾಟ ಮಾಡವ್ರೆ. ನನ್ ಮೊಮ್ಮಗೀಗೆ ಮಾಟ ಮಾಡವ್ರೆ."

ನಾನು ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರ್ಸ್ ನಮಗೆ ಟೇಬಲ್ ಮ್ಯಾನರ್ಸ್, ಎಲೊಕ್ಯೂಷನ್, ನಿಟ್ಟಿಂಗ್, ಹೀಗೆ ಬದುಕಿಗೆ ಬೇಕಾದ್ದೆಲ್ಲ ಹೇಳಿಕೊಟ್ಟಿದ್ದೇವೆಂದು ನಂಬಿ ಹೊರಗೆ ಕಳಿಸಿದ್ದರು. ಆದರೆ ಆ ಕ್ಷಣ ಅದ್ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೂದಲು, ಅರಿಶಿಣ, ಕೆಂಪು ದಾರ, ಮಗುವಿನ ಕೋಣೆ. ನಂಬುವುದಿಲ್ಲ ಅಂತ ತಲೆ ಹೇಳುತ್ತಿತ್ತು, ಕಾಲು ಮಾತ್ರ ಒಂದು ಹೆಜ್ಜೆ ಹಿಂದಕ್ಕೆ ಹೋಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನವರು ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಮದುವೆಯಾದ ಹೊಸದರಲ್ಲಿ ಬಾಗಲಗುಂಟೆಯಲ್ಲಿ ಬಾಡಿಗೆಗೆ ಮನೆ ಹಿಡಿದೆವು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಓನರಮ್ಮನ ಯಜಮಾನರು ಒಂದೇ ಸಾಲಿಗೆ ಶೀಟಿನ ಮನೆಗಳನ್ನು ಕಟ್ಟಿಸಿ, ಸಾಲು ಮುಗಿಯುವಷ್ಟರಲ್ಲಿ ತೀರಿಕೊಂಡಿದ್ದರು. ಎದುರಿಗೆ ಅವರದೇ ಹಳೆಯ ಹೆಂಚಿನ ಮನೆ, ಮಧ್ಯೆ ಅಂಗಳ, ಪಕ್ಕದಲ್ಲಿ ದನದ ಕೊಟ್ಟಿಗೆ, ಅದಕ್ಕೆ ಹೊಂದಿಕೊಂಡು ಹುಲ್ಲಿನ ಕೋಣೆ. ಕಾರ್ಖಾನೆಯ ಸೈರನ್ ಕೂಗಿದರೆ ಹಸುಗಳೂ ತಲೆ ಎತ್ತುತ್ತಿದ್ದವು. ಓನರಮ್ಮನಿಗೆ ಇಬ್ಬರು ಗಂಡುಮಕ್ಕಳು, ಇಬ್ಬರೂ ಕಾರ್ಖಾನೆ ಸೇರಿದ್ದರು. ಹಿರಿಸೊಸೆಗೆ ಮದುವೆಯಾಗಿ ಬಹಳ ವರ್ಷ ಕಳೆದಿದ್ದರೂ ಮಕ್ಕಳಿರಲಿಲ್ಲ. ಕಿರಿಸೊಸೆ ಚೊಚ್ಚಲ ಮಗುವನ್ನು ಎತ್ತಿಕೊಂಡು ತವರಿನಿಂದ ಬಂದು ಆಗಷ್ಟೇ ಒಂದು ವಾರವಾಗಿತ್ತು. ಮಗುವಿಗೆ ಹಿಂದಿನ ದಿನದಿಂದ ಮೈ ಬೆಚ್ಚಗಿತ್ತು.

ಇಷ್ಟು ಹೇಳಿದ ಮೇಲೆ ಎಲ್ಲರ ಕಣ್ಣು ಯಾರ ಕಡೆ ತಿರುಗಿತು ಎಂದು ಹೇಳಬೇಕಾಗಿಲ್ಲ.

ಓನರಮ್ಮ ಸೌದೆಯ ಚೂರಿನಿಂದ ಆ ಉಂಡೆಯನ್ನು ಮೆಲ್ಲಗೆ ಹೊರಳಿಸಿದರು. ಕೆಂಪು ದಾರ ಇನ್ನಷ್ಟು ಹೊರಗೆ ಬಂತು. ಅದು ದಾರವಲ್ಲ, ಉಲ್ಲನ್.

"ಈ ಕೆಂಪು ಉಲ್ಲನ್ನು ಯಾರ ತಾವ ಐತೆ ಈ ಮನೇಲಿ?" ಎಂದರು. ಕೂಗಿ ಅಲ್ಲ, ತಣ್ಣಗೆ.

ಹಿರಿಸೊಸೆ ಅಡಿಗೆಮನೆ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಅವಳ ಹತ್ತಿರವೇ ಇದ್ದದ್ದು. ಕೊಟ್ಟವಳು ನಾನು. ಮಧ್ಯಾಹ್ನ ಕೆಲಸ ಮುಗಿಸಿ ನಮ್ಮ ಮನೆಗೆ ಬಂದು ಕೂತು ನಿಟ್ಟಿಂಗ್ ಕಲಿಯುತ್ತಿದ್ದಳು. ಮಗುವಿಗೆ ಕುಲಾವಿ ಹಾಕಬೇಕೆಂಬ ಆಸೆ. ನೆಲಕ್ಕೆ ಕೆಂಪು ಉಂಡೆ ಉರುಳಿಸಿಕೊಂಡು, ಹೆಣಿಗೆ ತಪ್ಪಿದಾಗಲೆಲ್ಲ ನಾಲಿಗೆ ಕಚ್ಚಿಕೊಂಡು ಬಿಚ್ಚುವಳು.

"ಅಮ್ಮಾ, ಅದು ನನ್ನ ಉಲ್ಲನ್. ನಾನೇ ಕೊಟ್ಟಿದ್ದು," ಎಂದೆ.

"ನೀವು ಕೊಟ್ರಿ ಕಣವ್ವ. ಏನ್ಮಾಡ್ತಾಳೆ ಅಂತ ನಿಮಗೇನು ಗೊತ್ತು ಪಾಪ. ಓದಿದೋರು."

ಹಿರಿಸೊಸೆ ಒಂದೇ ಮಾತು ಆಡಿದಳು. "ನಾನ್ಯಾಕೆ ಮಾಡ್ಲಿ ಅತ್ತೆ?"

"ಮಕ್ಕಳಿಲ್ದೋಳು ಯಾಕ್ ಮಾಡ್ತಾಳೆ ಅಂತ ನನ್ನ ಬಾಯಲ್ಲಿ ಏಳಿಸ್ಬೇಕಾ?"

ಅವಳ ಗಂಡ ಅಲ್ಲೇ ಇದ್ದರು. ಸೆಕೆಂಡ್ ಶಿಫ್ಟಿಗೆ ಹೊರಡುವ ಗಡಿಬಿಡಿ. ಅವರೀಗ ಏನಾದರೂ ಹೇಳುತ್ತಾರೆ, ಕನಿಷ್ಠ ಒಮ್ಮೆ ಗದರುತ್ತಾರೆ ಅಂತ ನಾನು ಅವರ ಮುಖವನ್ನೇ ನೋಡಿದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಊಟದ ಡಬ್ಬಿ ತೆಗೆದುಕೊಂಡು, ಹೊಸಿಲನ್ನು ಬಳಸಿ ಹೊರಗೆ ನಡೆದರು. ಐ ವಾಸ್ ಸ್ಟನ್ಡ್. ಕೂದಲುಂಡೆ ನೋಡಿದಾಗ ಆಗದಿದ್ದ ಗಾಬರಿ ನನಗೆ ಆ ಬೆನ್ನನ್ನು ನೋಡಿದಾಗ ಆಯಿತು.

ಉಂಡೆಯ ಮೇಲೆ ಮಡಕೆಯೊಂದನ್ನು ಬೋರಲು ಹಾಕಿದರು. ಸಂಜೆಗೆ ಲಗ್ಗೆರೆ ಕಡೆಯಿಂದ ಮಂತ್ರ ಹಾಕುವವನೊಬ್ಬ ಬಂದ. ಮಡಕೆ ಎತ್ತಿ ನೋಡಿ, ನಿಂಬೆಹಣ್ಣು ಹೆಚ್ಚಿ, ಮಾಡಿದವರು ಹೊರಗಿನವರಲ್ಲ, ಇದೇ ಸೂರಿನ ಕೆಳಗೆ ಇರುವವರು, ಅಮಾವಾಸ್ಯೆಯೊಳಗೆ ಅವರು ಹೊಸಿಲು ದಾಟಬೇಕು ಎಂದ. ಬೂದಿ ಎರಚಿ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಮರುದಿನವೇ ಹಿರಿಸೊಸೆಯ ತವರು ವರ್ತೂರಿಗೆ ಹೇಳಿ ಕಳಿಸಿದರು. ಹಿರಿಸೊಸೆಯ ಅಣ್ಣ ಭಾನುವಾರ ಬಂದು ತಂಗಿಯನ್ನು ಕರೆದುಕೊಂಡು ಹೋಗಬೇಕು. ಹೋದರೆ ತಿರುಗಿ ಬರುವ ಮಾತಿಲ್ಲ. ಹಿರಿಮಗನಿಗೆ ಬೇರೆ ಹುಡುಗಿಯನ್ನು ನೋಡುವ ಮಾತನ್ನು ಓನರಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಎಲ್ಲರಿಗೂ ಕೇಳುವ ಹಾಗೆಯೇ ಆಡಿದರು.

ಅವತ್ತಿನಿಂದ ಹಿರಿಸೊಸೆ ಅಡಿಗೆಮನೆಗೆ ಹೋಗುವಂತಿರಲಿಲ್ಲ, ಮಗುವನ್ನು ಮುಟ್ಟುವಂತಿರಲಿಲ್ಲ. ಜಗಲಿಯ ಮೂಲೆಗೆ ತಟ್ಟೆ ತಂದಿಟ್ಟು ಹೋಗುತ್ತಿದ್ದರು. ನಾಯಿಗೆ ಇಟ್ಟ ಹಾಗೆ ಅಂತ ಬರೆಯಲು ಹೊರಟೆ. ಇಲ್ಲ, ನಾಯಿಯನ್ನು ಹೆಸರಿಟ್ಟಾದರೂ ಕರೆಯುತ್ತಿದ್ದರು.

"ನಾವು ಏನಾದ್ರೂ ಮಾಡ್ಬೇಕು," ಎಂದೆ ನನ್ನವರಿಗೆ.

"ಏನ್ ಮಾಡೋಕಾಗುತ್ತೆ? ಅವರ ಮನೆ ವಿಷಯ. ನಾಳೆ ನೀವೂ ಖಾಲಿ ಮಾಡಿ ಅಂದ್ರೆ?"

"ನೀವು ಇದನ್ನೆಲ್ಲ ನಂಬ್ತೀರಾ?"

"ಡೋಂಟ್ ಬಿ ಸಿಲ್ಲಿ," ಎಂದು ನಕ್ಕರು. ಆದರೆ ನಮ್ಮ ಹೊಸಿಲು ದಾಟುವಾಗ ಅವರು ಕೆಳಗೆ ನೋಡಿಕೊಂಡು ದಾಟಿದ್ದನ್ನು ನಾನು ನೋಡಿದೆ. ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆಯುವ ಎಂಜಿನಿಯರ್!

ಇನ್ನು ನಮ್ಮ ಬೆಕ್ಕಿನ ವಿಷಯ ಹೇಳಬೇಕು.

ನನ್ನ ತವರಿನ ಪಕ್ಕದ ಮನೆಯಲ್ಲಿ ಒಬ್ಬ ಆಂಗ್ಲೋ-ಇಂಡಿಯನ್ ಮುದುಕಿ ಇದ್ದರು. ಮಕ್ಕಳಿದ್ದ ಆಸ್ಟ್ರೇಲಿಯಾಕ್ಕೆ ಹೊರಟಾಗ ಅವರ ಬೆಕ್ಕನ್ನು ನನಗೆ ಕೊಟ್ಟರು. ಹೊಗೆ ಕಪ್ಪು ಬಣ್ಣ, ಗೇಣುದ್ದ ಕೂದಲು, ಬಾಟಲಿ ತೊಳೆಯುವ ಬ್ರಷ್ಷಿನಂಥ ಬಾಲ. ಬಾಗಲಗುಂಟೆಯ ಮಕ್ಕಳು ಅದನ್ನು ನರಿಬೆಕ್ಕು ಎನ್ನುತ್ತಿದ್ದರು. ಆ ಮುದುಕಿ ದಿನಾ ಸಂಜೆ ವರಾಂಡದಲ್ಲಿ ಕೂತು ಅದಕ್ಕೆ ಬ್ರಷ್ ಮಾಡುತ್ತಿದ್ದದ್ದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅದೊಂದು ಸ್ಟೈಲ್ ಎಂದುಕೊಂಡಿದ್ದೆ, ದೊರೆಸಾನಿಯರ ಶೋಕಿ. ಬಾಗಲಗುಂಟೆಯಲ್ಲಿ ನೀರಿಗೆ ಬೋರಿನ ಮುಂದೆ ಕ್ಯೂ ನಿಲ್ಲುವುದರಲ್ಲೇ ನನ್ನ ತಲೆಯನ್ನೇ ನಾನು ಸರಿಯಾಗಿ ಬಾಚಿಕೊಳ್ಳುತ್ತಿರಲಿಲ್ಲ. ಬೆಕ್ಕಿಗೆಲ್ಲಿಯ ಬ್ರಷ್?

ಬೇಸಿಗೆ ಶುರುವಾದ ಮೇಲೆ ಅದು ಕೆಮ್ಮತೊಡಗಿತ್ತು. ಬೀಡಿ ಸೇದುವ ಮುದುಕರ ಹಾಗೆ, ಕತ್ತು ನೆಲಕ್ಕೆ ಚಾಚಿ, ಹೊಟ್ಟೆಯಿಂದ ಕಿತ್ತುಕೊಂಡು ಬರುವಂಥ ಕೆಮ್ಮು. ಶೆಖೆಗೆ ಇರಬೇಕು ಎಂದುಕೊಂಡೆ. ಕಾರ್ಖಾನೆಯ ಧೂಳು ಎಂದರು ನನ್ನವರು.

ಆ ಗುರುವಾರ ಮಧ್ಯಾಹ್ನ ಹಿರಿಸೊಸೆ ನಮ್ಮ ಮನೆಯಲ್ಲಿ ಸುಮ್ಮನೆ ಗೋಡೆಗೊರಗಿ ಕೂತಿದ್ದಳು. ನಿಟ್ಟಿಂಗ್ ಕಡ್ಡಿಯನ್ನು ಅವಳೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ಬೆಕ್ಕು ಚಾಪೆಯ ಮೇಲೆ ಕತ್ತು ಚಾಚಿತು. ಮತ್ತೆ ಅದೇ ಕೆಮ್ಮು. ಈ ಸಲ ನಿಲ್ಲಲಿಲ್ಲ. ಪಕ್ಕೆ ಎರಡೂ ಒಳಕ್ಕೆ ಹೋಗಿ ಹೊರಕ್ಕೆ ಬಂದವು. ಬಾಯಿ ಅಗಲಿಸಿತು. ಕಪ್ಪಗಿನದೊಂದು ಉದ್ದನೆ ವಸ್ತು, ಹಳದಿ ನೀರಿನ ಸಮೇತ, ಚಾಪೆಯ ಮೇಲೆ ಬಿತ್ತು.

ನಾವಿಬ್ಬರೂ ಬಗ್ಗಿ ನೋಡಿದೆವು.

ಅದೇ. ಅದೇ ದಪ್ಪ, ಅದೇ ಹೊಸೆದ ಆಕಾರ, ಅದೇ ಅರಿಶಿಣ. ಬೆಕ್ಕು ಅದನ್ನೊಮ್ಮೆ ಮೂಸಿ, ತನಗೆ ಸಂಬಂಧವೇ ಇಲ್ಲವೆಂಬಂತೆ ಹೋಗಿ ಕಿಟಕಿಯ ಕೆಳಗೆ ಮಲಗಿತು.

"ಅಕ್ಕಾ," ಎಂದಳು ಹಿರಿಸೊಸೆ. ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನೂ ಅವಳನ್ನು ಅಕ್ಕ ಎನ್ನುತ್ತಿದ್ದೆ. "ಅಕ್ಕಾ, ಇದು ಇದ್ರ ಒಟ್ಟೇದಾ?"

ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು. ಹಾಲಿನ ಆಸೆಗೆ ಈ ಬೆಕ್ಕು ದಿನಾ ಅವರ ಮನೆಯ ಕಿಟಕಿ ಹಾರಿ ಒಳಗೆ ಹೋಗುತ್ತದೆ. ಹೊಸಿಲ ಮೇಲೆ ತಣ್ಣಗಿರುತ್ತದೆ, ಅಲ್ಲೇ ಕಕ್ಕಿದೆ! ಉಲ್ಲನ್ ಉಂಡೆಯೊಡನೆ ಆಡುತ್ತ ಎಳೆಯೊಂದನ್ನು ನುಂಗಿದೆ. ಅಷ್ಟೇ. ದಟ್ಸ್ ಆಲ್. ನಾನು ಚಾಪೆಯನ್ನು ಹಾಗೆಯೇ ಎರಡು ಕೈಯಲ್ಲಿ ಎತ್ತಿಕೊಂಡು, ಪೂಜೆಯ ತಟ್ಟೆ ಹಿಡಿದವಳ ಹಾಗೆ ಅಂಗಳ ದಾಟಿದೆ.

ಓನರಮ್ಮ ಚಾಪೆಯನ್ನು ನೋಡಿದರು. ನನ್ನ ಮುಖ ನೋಡಿದರು. ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ನಮ್ಮಪ್ಪಾ! ನಿಮ್ಮನೇಗೂ ಇಕ್ಬುಟ್ಳಾ?"

"ಇಲ್ಲಮ್ಮಾ, ಬೆಕ್ಕು ಕಕ್ಕಿದ್ದು. ನಾನು ಕಣ್ಣಾರೆ ನೋಡ್ದೆ."

"ಬೆಕ್ಕು ಇಲಿ ಕಕ್ತದೆ, ಗರ್ಕೆ ಕಕ್ತದೆ. ಊರಲ್ಲಿ ನಾನ್ ನೋಡ್ದೇ ಇರೋ ಬೆಕ್ಕಾ? ಕೂದ್ಲು ಎಲ್ಲಾದ್ರೂ ಕಕ್ತದಾ?" ದನಿ ತಗ್ಗಿಸಿದರು. "ಆ ಮೂಕಪ್ರಾಣಿ ಒಟ್ಟೆ ಒಳಿಕ್ಕೇ ಇಕ್ಕವ್ಳೆ ಕಣವ್ವ. ಅವಳನ್ನ ಇನ್ಮ್ಯಾಲೆ ಮನೇಗೆ ಸೇರಿಸ್ಬ್ಯಾಡಿ. ನಿಮಗಿನ್ನೂ ಮಕ್ಕಳಾಗ್ಬೇಕು."

ನಾನು ಚಾಪೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅವಳನ್ನು ಉಳಿಸಲೆಂದು ತಂದ ಸಾಕ್ಷಿ ನನ್ನ ಕೈಯಲ್ಲೇ ಅವಳ ಮೇಲಿನ ಇನ್ನೊಂದು ಅಪರಾಧವಾಗಿತ್ತು. ಇಂಥದ್ದೊಂದು ಸಾಧ್ಯ ಎಂದು ನನಗೆ ಹೊಳೆದೇ ಇರಲಿಲ್ಲ. ಸಂಜೆಯೊಳಗೆ ಸಾಲುಮನೆಯ ಹೆಂಗಸರೆಲ್ಲ ಬೆಕ್ಕನ್ನು ಕಂಡರೆ ಸೆರಗು ಬಿಗಿ ಮಾಡಿಕೊಳ್ಳತೊಡಗಿದರು.

ಮರುದಿನ ಬೆಕ್ಕು ಹಾಲು ಮುಟ್ಟಲಿಲ್ಲ. ಕೆಮ್ಮುತ್ತದೆ, ಕತ್ತು ಚಾಚುತ್ತದೆ, ಏನೂ ಬರುವುದಿಲ್ಲ. ಹೊಟ್ಟೆ ಗಟ್ಟಿ. ಶನಿವಾರ ಬೆಳಿಗ್ಗೆ ನನ್ನವರು ಕೆಲಸಕ್ಕೆ ಹೋದ ಕೂಡಲೇ ಬೆಕ್ಕನ್ನು ಬೆತ್ತದ ಬುಟ್ಟಿಗೆ ಹಾಕಿ, ಆ ಉಂಡೆಯನ್ನು ಖಾಲಿ ಹಾಲಿನ ಪುಡಿ ಡಬ್ಬಿಯಲ್ಲಿಟ್ಟು ಹೊರಟೆ. ಹಿರಿಸೊಸೆ ಜಗಲಿಯಿಂದ ಎದ್ದು ಬಂದು ಬುಟ್ಟಿಯ ಇನ್ನೊಂದು ಕಿವಿ ಹಿಡಿದಳು. ಒಳಗಿನಿಂದ "ಎಲ್ಲಿಗಮ್ಮೀ?" ಎಂಬ ಕೂಗು ಬಂತು. ಅವಳು ತಿರುಗಿ ನೋಡಲಿಲ್ಲ.

ತುಮಕೂರು ರಸ್ತೆಯ ಬದಿಯ ಪಶು ಆಸ್ಪತ್ರೆ. ಹಸು, ಎಮ್ಮೆ, ಹಗ್ಗ ಹಿಡಿದ ಗಂಡಸರು. ನಮ್ಮ ಬುಟ್ಟಿಯೊಳಗೆ ಇಣುಕಿದ ಒಬ್ಬರು, "ಏನಮ್ಮಾ, ಇದು ಒತ್ತಿಗೆ ಎಷ್ಟು ಲೀಟ್ರು ಕೊಡ್ತದೆ?" ಎಂದರು. ಸಾಲಿಡೀ ನಕ್ಕಿತು. ಹಿರಿಸೊಸೆಯೂ ನಕ್ಕಳು, ಆ ವಾರದಲ್ಲಿ ಮೊದಲ ಸಲ.

ಡಾಕ್ಟರು ನಡುವಯಸ್ಸಿನ ದಪ್ಪ ಮನುಷ್ಯ. ಡಬ್ಬಿ ತೆರೆದು ನೋಡಿ, "ಹೇರ್‌ಬಾಲ್ ಮೇಡಂ," ಎಂದರು. ಜ್ವರ, ನೆಗಡಿ ಎಂದಷ್ಟೇ ಸಲೀಸಾಗಿ.

"ಹೇರ್‌ಬಾಲ್?"

"ಬೆಕ್ಕಿನ ನಾಲಿಗೆ ಮುಟ್ಟಿ ನೋಡಿದೀರಾ? ಕಬ್ಬಿಣ ಉಜ್ಜೋ ಅರ ಇದ್ದ ಹಾಗೆ. ಮೈ ನೆಕ್ಕಿಕೊಳ್ಳುವಾಗ ಉದುರಿದ ಕೂದಲೆಲ್ಲ ಅದಕ್ಕೆ ಸಿಕ್ಕಿ ಹೊಟ್ಟೆಗೇ ಹೋಗೋದು. ಊರಿನ ಬೆಕ್ಕಿಗೆ ಗಿಡ್ಡ ಕೂದಲು, ಕೆಳಗಿಂದ ಹೋಗಿಬಿಡುತ್ತೆ. ನಿಮ್ಮದು ಸಾಹೇಬರ ಬೆಕ್ಕು. ಬೇಸಿಗೆಯಲ್ಲಿ ಕೂದಲು ಬೇರೆ ಜಾಸ್ತಿ ಉದುರುತ್ತೆ. ಹೊಟ್ಟೆಯಲ್ಲಿ ಕೂತು ಗಂಟಾಗಿ ವಾಂತಿಯಾಗುತ್ತೆ. ಕೊಳವೆ ಒಳಗೆ ಬಂದದ್ದಕ್ಕೇ ಈ ಉದ್ದನೆ ಆಕಾರ."

"ಈ ಅರಿಶಿಣ ಸಾರ್?" ಕೇಳಿದವಳು ಹಿರಿಸೊಸೆ.

"ಅರಿಶಿಣ ಅಲ್ಲಮ್ಮ, ಪಿತ್ತ."

ಅವಳು ತಲೆ ಬಗ್ಗಿಸಿ ಆ ಡಬ್ಬಿಯನ್ನೇ ಬಹಳ ಹೊತ್ತು ನೋಡಿದಳು. ತನ್ನ ಬದುಕನ್ನು ಮುರಿದು ಹಾಕುತ್ತಿದ್ದ ವಸ್ತುವಿಗೆ ಇಷ್ಟು ಸಣ್ಣ ಹೆಸರಿದೆ ಎಂದು ಅವಳು ನಂಬಲಾರದೆ ಹೋಗಿರಬೇಕು.

ಡಾಕ್ಟರು ಬೆಕ್ಕಿನ ಹೊಟ್ಟೆಯನ್ನು ಬೆರಳಿಂದ ತಡವಿ, ಒಳಗೆ ಇನ್ನೂ ಇದೆ ಎಂದರು. ನಾನು ಹರಳೆಣ್ಣೆ ಕುಡಿಸಲೇ ಎಂದು ಕೇಳಿದ್ದಕ್ಕೆ ಬೈದರು. ಬಾಯಿ ತೆರೆದು ಎಣ್ಣೆ ಹೊಯ್ದರೆ ಶ್ವಾಸಕೋಶಕ್ಕೆ ಹೋಗಿ ಸಾಯುತ್ತದಂತೆ. ಲಿಕ್ವಿಡ್ ಪ್ಯಾರಾಫಿನ್ನನ್ನು ಚೂರೇ ಚೂರು ಮೀನಿಗೋ ಅನ್ನಕ್ಕೋ ಕಲಸಿಡಬೇಕು; ತಿನ್ನದಿದ್ದರೆ ಮುಂಗಾಲಿಗೆ ವ್ಯಾಸಲೀನ್ ಸವರಿದರೆ ತಾನೇ ನೆಕ್ಕಿಕೊಳ್ಳುತ್ತದೆ. ಜಾರುತ್ತದೆ, ಗಂಟು ಮುಂದೆ ಸರಿಯುತ್ತದೆ. ಕುಡಿಯಲು ನೀರು ಸದಾ ಇರಲಿ, ಕುಂಡದಲ್ಲಿ ಗರಿಕೆ ಬೆಳೆಸಿ. ನಾಳೆ ಸಂಜೆಯವರೆಗೂ ಏನೂ ಹೊರಗೆ ಬರದೆ, ತಿನ್ನದೆ ಇದ್ದರೆ ಹೆಬ್ಬಾಳದ ವೆಟರ್ನರಿ ಕಾಲೇಜಿಗೆ ಒಯ್ದು ಆಪರೇಷನ್ ಮಾಡಿಸಬೇಕು.

"ಆಮೇಲೆ ಕೇಳಿ, ಉಲ್ಲನ್ ನುಂಗಿದೆ ಅಂದ್ರಲ್ಲ, ಹಿಂದಿನಿಂದ ದಾರ ನೇತಾಡ್ತಾ ಇದ್ರೆ ಎಳೀಬೇಡಿ. ಕರುಳು ಕುಯ್ದು ಹೋಗುತ್ತೆ. ತಾನಾಗೇ ಬರಲಿ. ಇವೆಲ್ಲ ಬಂದ ಮೇಲಿನ ಮಾತು. ಬರದ ಹಾಗೆ ಮಾಡೋದಕ್ಕೆ ದಿನಾ ಬಾಚಬೇಕು. ಬಾಚ್ತೀರಾ?"

"ಇಲ್ಲ."

"ಮತ್ತೆ? ಬಾಚಣಿಗೆಗೆ ಬರದ ಕೂದಲು ಹೊಟ್ಟೆಗೇ ತಾನೆ ಹೋಗೋದು?"

ಎಷ್ಟೋ ಸಾವಿರ ಮೈಲಿಯಾಚೆ ಹೋಗಿಬಿಟ್ಟಿದ್ದ ಆ ವರಾಂಡದ ಮುದುಕಿ, ಮಡಿಲಲ್ಲಿ ಬೆಕ್ಕು, ಕೈಯಲ್ಲಿ ಬ್ರಷ್ಷು, ಪಕ್ಕದಲ್ಲಿ ಹತ್ತಿಯ ಹಾಗೆ ಗುಡ್ಡೆ ಬಿದ್ದ ಕೂದಲು, ಎಲ್ಲ ಕಣ್ಣ ಮುಂದೆ ಬಂತು. ಮೈ ಗಾಡ್, ಅದು ಶೋಕಿಯಾಗಿರಲೇ ಇಲ್ಲ.

ಈಗ ನಮ್ಮ ರಸ್ತೆಯ ಕೊನೆಯ ಪೆಟ್ ಶಾಪಿನಲ್ಲಿ ಇದಕ್ಕೆಂದೇ ಟ್ಯೂಬಿನಲ್ಲಿ ಪೇಸ್ಟ್ ಸಿಗುತ್ತದೆ, ಸಾಲ್ಮನ್ ರುಚಿಯಂತೆ. ಹುಡುಗಿಯರು ಜೀನ್ಸ್ ಹಾಕಿಕೊಂಡು ಬಂದು "ಹೇರ್‌ಬಾಲ್ ಪೇಸ್ಟ್ ಇದ್ಯಾ ಅಂಕಲ್?" ಎಂದು ಕೇಳುವುದನ್ನು ಕೇಳಿದಾಗ ನಾನು ಕೊತ್ತಂಬರಿ ಚೀಲ ಹಿಡಿದುಕೊಂಡು ನಿಂತುಬಿಡುತ್ತೇನೆ. ಆ ಪದ ಬಾಗಲಗುಂಟೆಯ ಆ ಅಂಗಳದಲ್ಲಿ ಒಬ್ಬರಿಗಾದರೂ ಗೊತ್ತಿದ್ದಿದ್ದರೆ!

ಮನೆಗೆ ಬಂದು ಹೇಳಿದೆ. ಓನರಮ್ಮ ಹಸುವಿಗೆ ಬೂಸಾ ಕಲಸುತ್ತ ಪೂರ್ತಿ ಕೇಳಿಸಿಕೊಂಡರು. "ಆ ಡಾಕ್ಟ್ರು ಒಳ್ಳೇವ್ರು ಕಣವ್ವ, ನಮ್ಮ ಗಬ್ಬದ ಅಸ ಉಳಿಸ್ಕೊಟ್ರು. ಆದ್ರೆ ದನಿನ್ ಡಾಕ್ಟ್ರಿಗೆ ಮಾಟದ ವಿಸ್ಯ ಏನ್ ಗೊತ್ತಾಯ್ತದೆ?" ಎಂದು ಬಕೆಟ್ ಎತ್ತಿಕೊಂಡು ಹೋದರು.

ಆ ಮಧ್ಯಾಹ್ನವೆಲ್ಲ ನಾನು, ಹಿರಿಸೊಸೆ ಬೆಕ್ಕಿಗೆ ಬಾಚಿದೆವು. ನನ್ನ ಹೇನಿನ ಬಾಚಣಿಗೆ ಗಂಟಿಗೆ ಸಿಕ್ಕಿ ಬೆಕ್ಕು ಪರಚಿತು. ಅವಳು ಬಾಚಣಿಗೆ ಪಕ್ಕಕ್ಕಿಟ್ಟು, ಅಂಗೈ ಒದ್ದೆ ಮಾಡಿಕೊಂಡು ಕತ್ತಿನಿಂದ ಬಾಲದವರೆಗೆ ನಿಧಾನವಾಗಿ ಸವರಿದಳು. ಕೈತುಂಬ ಕೂದಲು. ಮತ್ತೆ ಸವರಿದಳು, ಮತ್ತೆ. ಇನ್ನೊಂದು ಬೆಕ್ಕಿಗಾಗುವಷ್ಟು ಕೂದಲು ಗುಡ್ಡೆಯಾಯಿತು. ಪ್ಯಾರಾಫಿನ್ ಕಲಸಿದ ಅನ್ನವನ್ನು ಅದು ಮೂಸಿ ಬಿಟ್ಟಿತು. ಕಾಲಿಗೆ ವ್ಯಾಸಲೀನ್ ಸವರಿದೆವು. ಮುಖ ಸಿಂಡರಿಸಿಕೊಂಡು ನೆಕ್ಕಿತು.

"ಬೆಕ್ಕು ಉಳೀತದಾ ಅಕ್ಕ?" ಎಂದಳು.

"ನಿಮಗೆ ನಾಳಿನ ಚಿಂತೆ ಇಲ್ವಾ?"

"ನಮ್ಮಣ್ಣನ ಮನೇಲಿ ನಮ್ಮತ್ತಿಗೆ ಅವ್ಳೆ. ಒಂದು ತಿಂಗಳು ಮಡಿಕ್ಕಂತಾಳೆ. ಆಮ್ಯಾಕೆ ಗೊತ್ತಿಲ್ಲ." ಇಷ್ಟು ಹೇಳಿ ಬೆಕ್ಕಿನ ಇನ್ನೊಂದು ಕಾಲು ಹಿಡಿದಳು. "ಇದಕ್ಕೂ ಸವರಿ."

ಭಾನುವಾರ ಬೆಳಿಗ್ಗೆ ಅಣ್ಣ ಬಂದ. ಅಂಗಳದ ಕಲ್ಲಿನ ಮೇಲೆ ತಲೆ ತಗ್ಗಿಸಿ ಕೂತ. ಹಿರಿಸೊಸೆಯ ಕಬ್ಬಿಣದ ಪೆಟ್ಟಿಗೆಯನ್ನು ಯಾರೋ ಆಗಲೇ ತಂದು ಹೊರಗಿಟ್ಟಿದ್ದರು. ರಜಾದಿನವಾದ್ದರಿಂದ ಅವಳ ಗಂಡನೂ ಮನೆಯಲ್ಲೇ ಇದ್ದರು, ಕೊಟ್ಟಿಗೆಯ ಕಂಬ ಹಿಡಿದುಕೊಂಡು. ಸಾಲುಮನೆಯ ಬಾಗಿಲುಗಳಲ್ಲೆಲ್ಲ ಹೆಂಗಸರು. ಮಗುವಿನ ಜ್ವರ ಆಗಲೇ ಇಳಿದಿತ್ತು. ಮಂತ್ರದಿಂದ ಎಂದರು.

ನಾನು ಡಾಕ್ಟರು ಹೇಳಿದ್ದನ್ನು ಅಣ್ಣನಿಗೆ ಮತ್ತೆ ಹೇಳಲು ಶುರು ಮಾಡಿದ್ದೆನಷ್ಟೆ, ಓನರಮ್ಮ ಹೂವಿನ ಪಾತಿಯ ಕಡೆಯಿಂದ ಕಿರುಚಿಕೊಂಡರು.

ನಮ್ಮ ಬೆಕ್ಕು ಅವರ ಕನಕಾಂಬರದ ಮಡಿಯಲ್ಲಿ ಮಣ್ಣು ಕೆದರಿ ಕೂತಿತ್ತು. ಬಾಲ ಎತ್ತಿ, ಕಣ್ಣು ಅರೆ ಮುಚ್ಚಿ, ತಿಣುಕುತ್ತಿತ್ತು. ಹಿಂದಿನಿಂದ ಕೆಂಪು ಉಲ್ಲನ್ ನೇತಾಡುತ್ತಿತ್ತು.

ಓನರಮ್ಮ ಎಳೆಯಲು ಕೈ ಚಾಚಿದರು. "ಮುಟ್ಬೇಡಿ ಅತ್ತೆ!" ಎಂದು ಹಿರಿಸೊಸೆ ಗದರಿದಳು. ಅವಳು ಅತ್ತೆಗೆ ಗದರಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. ಓನರಮ್ಮನ ಕೈ ಗಾಳಿಯಲ್ಲೇ ನಿಂತಿತು. ಎಲ್ಲರೂ ಸುತ್ತ ಬಂದು ನಿಂತೆವು. ಒಂದು ಬೆಕ್ಕು ಎರಡಕ್ಕೆ ಹೋಗುವುದನ್ನು ಅಷ್ಟು ಜನ ಅಷ್ಟು ಭಕ್ತಿಯಿಂದ ನಿಂತು ನೋಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ಕಡೆಗೆ ಅದು ಬಿತ್ತು. ಕಪ್ಪು ಕೂದಲಿನ ಗಂಟು, ಅದರೊಳಗಿಂದ ಸುತ್ತಿ ಸುತ್ತಿ ಬಂದ ಕೆಂಪು ಎಳೆ. ಬೆಕ್ಕು ಮಣ್ಣು ಮುಚ್ಚಿ, ಹಗುರಾಗಿ ಹಾರಿ, ನೀರಿನ ತೊಟ್ಟಿಯ ಅಂಚಿನಲ್ಲಿ ಕೂತು ನೀರು ಕುಡಿಯತೊಡಗಿತು.

ಓನರಮ್ಮ ಕಡ್ಡಿಯಿಂದ ಮಣ್ಣು ಸರಿಸಿ ನೋಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡರು. ಆಮೇಲೆ ನಕ್ಕುಬಿಟ್ಟರು.

"ಥೂ ಇದ್ರ ಮನೆ ಕಾಯ್ವಾಗ! ಕರಿನ ಒಟ್ಟೇಲಿ ಇರ್ತದಲ್ಲ, ಅದೇ ಕಣ್ರೋ ಇದು. ಒಂದ್ನೊಂದು ನೆಕ್ಕಿ ನೆಕ್ಕಿ ಕರಗಳ ಒಟ್ಟೇಲಿ ಕೂದ್ಲುಂಡೆ ಆಯ್ತದೆ. ನಮ್ಮದು ಒಂದು ಕರ ಅದ್ರಾಗೇ ಓಯ್ತು, ಕುಯ್ಸಿ ನೋಡಿದ್ರೆ ಇಷ್ಟು ದಪ್ಪ!"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

"ಅಮ್ಮಾ, ನಿಮಗೆ ಗೊತ್ತಿತ್ತಾ? ಹೊಟ್ಟೆಯಲ್ಲಿ ಕೂದಲುಂಡೆ ಆಗುತ್ತೆ ಅಂತ ಮೊದಲೇ ಗೊತ್ತಿತ್ತಾ?"

"ದನ ಕಟ್ದೋಳಿಗೆ ಗೊತ್ತಿರಲ್ವಾ?"

"ಮತ್ತೆ ಅವತ್ತು ಹೊಸಿಲ ಮೇಲೆ ನೋಡಿದಾಗ..."

ಅವರು ನನ್ನನ್ನು ನೋಡಿದ್ದು ಒಂದಿಷ್ಟೂ ಕೆಟ್ಟತನದಿಂದಲ್ಲ. ಚಿಕ್ಕ ಮಗು ಏನೋ ಪೆದ್ದು ಪ್ರಶ್ನೆ ಕೇಳಿದೆ ಎಂಬಂತೆ ನೋಡಿದರು.

"ಅದು ಕರ ಕಣವ್ವ. ಇದು ಸೊಸೆ."

ಇಷ್ಟು ವರ್ಷ ಕಳೆದರೂ ಆ ಮಾತನ್ನು ನಾನು ಅರಗಿಸಿಕೊಂಡಿಲ್ಲ. ಗೊತ್ತಿಲ್ಲದೆ ತಪ್ಪು ಮಾಡಿದ್ದಾರೆ, ತಿಳಿಸಿ ಹೇಳಿದರೆ ಸರಿಹೋಗುತ್ತದೆ ಎಂದು ನಾನು ಬುಟ್ಟಿ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದೆ. ಅವರಿಗೆ ಗೊತ್ತಿತ್ತು. ಆ ತಿಳಿವಳಿಕೆ ಕೊಟ್ಟಿಗೆಯಲ್ಲಿತ್ತು, ನಡುಮನೆಗೆ ಬಂದಿರಲಿಲ್ಲ, ಅಷ್ಟೇ.

ಓನರಮ್ಮ ಆಗಲೇ ಮುಂದಿನ ಕೆಲಸಕ್ಕೆ ತಿರುಗಿದ್ದರು. "ಏ ಅಮ್ಮೀ, ನಿಂತ್ಕಂಡು ಏನ್ ನೋಡ್ತೀಯ, ಪೆಟ್ಗೆ ಒಳಿಕ್ಕಿಕ್ಕು. ಮುದ್ದೆ ತೊಳಸು. ನಿಮ್ಮಣ್ಣ ಅಷ್ಟು ದೂರದಿಂದ ಬಂದೈತೆ, ಉಣ್ಕಂಡು ಓಗ್ಲಿ." ಸಾಲುಮನೆಯ ಹೆಂಗಸರು ಒಬ್ಬೊಬ್ಬರೇ ಒಳಗೆ ಹೋದರು. ಕಿರಿಸೊಸೆ ಮಗುವನ್ನು ಎತ್ತಿಕೊಂಡು ಬಂದು, "ತಗೊಳ್ಳಕ್ಕ," ಎಂದು ಚಾಚಿದಳು. ಎಲ್ಲ ಮುಗಿಯಿತೆಂದು ನಾನೂ ಉಸಿರು ಬಿಟ್ಟೆ.

ಹಿರಿಸೊಸೆ ಮಗುವಿನ ಕೆನ್ನೆ ಮುಟ್ಟಿದಳು, ಎತ್ತಿಕೊಳ್ಳಲಿಲ್ಲ. ಪೆಟ್ಟಿಗೆ ಎತ್ತಿದಳು. ಮನೆಯ ಕಡೆಗೂ ಅಲ್ಲ, ಗೇಟಿನ ಕಡೆಗೂ ಅಲ್ಲ, ನೇರವಾಗಿ ಹುಲ್ಲಿನ ಕೋಣೆಗೆ ನಡೆದಳು. ಒಳಗಿನ ಹುಲ್ಲನ್ನು ಒಂದು ಬದಿಗೆ ಸರಿಸಿದ ಸದ್ದು ಕೇಳಿಸಿತು. ಹೊರಗೆ ಬಂದು ಕೋಣೆಯ ಬಾಗಿಲಿನ ಮುಂದೆ ಮೂರು ಕಲ್ಲು ಹೂಡಿದಳು.

ಒಲೆ ಬೇರೆ. ಆ ಸೀಮೆಯಲ್ಲಿ ಅದರ ಅರ್ಥ ಹೇಳುವುದೇ ಬೇಡ. ಅಣ್ಣತಮ್ಮಂದಿರು ಆಸ್ತಿ ಭಾಗವಾದಾಗ, ಹಿರಿಯರನ್ನು ಕೂರಿಸಿಕೊಂಡು, ಗಂಡಸರು ಮಾತಾಡಿ ಮಾಡುವ ಕೆಲಸ. ಹೆಂಗಸೊಬ್ಬಳು ಗಂಡನನ್ನೂ ಕೇಳದೆ ಹಾಡಹಗಲು ಅಂಗಳದಲ್ಲಿ ಒಲೆ ಹೂಡುವುದೆಂದರೆ! ಮಾಟದ ಉಂಡೆ ಕಂಡಾಗ ಗೋಡೆಗೆ ಅಂಟಿಕೊಂಡವರು ಈಗ ಅಂಟಿಕೊಳ್ಳಲು ಗೋಡೆಯೂ ಇಲ್ಲದೆ ನಿಂತರು.

"ಏನ್ಲಾ ಇದು? ನಿನ್ನೆಂಡ್ತಿಗೆ ಏನ್ ಬಂದೈತೆ?" ಓನರಮ್ಮ ಮಗನ ಕಡೆ ತಿರುಗಿದರು.

ಹಿರಿಸೊಸೆಯೇ ಉತ್ತರ ಕೊಟ್ಟಳು, ಕಲ್ಲಿನ ಮಧ್ಯೆ ಸೌದೆ ಜೋಡಿಸುತ್ತ. "ಏನೂ ಬಂದಿಲ್ಲ ಅತ್ತೆ. ಬೆಕ್ಕು ಒಂದು ದಿನ ತಡವಾಗಿ ಎರಡಕ್ಕೆ ಓಗಿದ್ರೆ ನಾನು ಈಗ ವರ್ತೂರು ಬಸ್ಸಲ್ಲಿರ್ತಿದ್ದೆ. ನಾನು ಬಸ್ ಅತ್ತಲ್ಲ. ಇಲ್ಲೇ ಇರ್ತೀನಿ. ನನ್ ಒಲೇಲಿ ನಾನು ಬೇಯಿಸ್ಕಂತೀನಿ."

ಅಣ್ಣ ಏನೋ ಹೇಳಲು ಎದ್ದ. "ಕೂತ್ಕೊಳ್ಳಣ್ಣ, ಉಂಡು ಓಗೀವಂತೆ," ಎಂದಳು. ಅವನು ಕೂತ.

ನಾನು ಓಡಿಹೋಗಿ ನಮ್ಮ ಮನೆಯಿಂದ ಪಾತ್ರೆ, ರಾಗಿಹಿಟ್ಟು ತಂದೆ. ಪಾತ್ರೆ ಎರವಲು ತೆಗೆದುಕೊಂಡಳು, ಹಿಟ್ಟೂ ತೆಗೆದುಕೊಂಡಳು. ಉಪ್ಪು ತರಲೇ ಎಂದರೆ, "ಬ್ಯಾಡಕ್ಕ, ಉಪ್ಪು ಬ್ಯಾಡ," ಎಂದಳು. ಯಾಕೆಂದು ಆಗ ತಿಳಿಯಲಿಲ್ಲ.

ನೀರು ಕಾಯಲು ಇಟ್ಟು ಕೂತಳು. ಹಸಿದ ಬೆಕ್ಕು ಬಂದು ಅವಳ ಮೊಣಕಾಲಿಗೆ ಮೈ ಉಜ್ಜಿತು. ಅವಳು ಅಂಗೈ ಒದ್ದೆ ಮಾಡಿಕೊಂಡು ಬೆನ್ನು ಸವರಿದಳು, ಒಂದು ಸಲ, ಇನ್ನೊಂದು ಸಲ. ಕೈಯಲ್ಲಿ ಕಪ್ಪು ಕೂದಲು ಮುದ್ದೆಯಾಗಿ ನಿಂತಿತು. ಗಂಡ ಇನ್ನೂ ಕೊಟ್ಟಿಗೆಯ ಕಂಬದ ಹತ್ತಿರವೇ ಇದ್ದರು. ಒಳಗಿಂದ ತಾಯಿ, "ಬಾರ್ಲಾ ಉಣ್ಣಕೆ, ಆರೋಯ್ತದೆ," ಎಂದು ಕರೆದರು. ಅವರು ಒಂದು ಹೆಜ್ಜೆ ಆ ಕಡೆ ಇಟ್ಟು ನಿಂತರು.

"ಇಲ್ಲಿ ಬನ್ನಿ," ಎಂದಳು ಹಿರಿಸೊಸೆ.

ಬಂದರು. ಅವಳು ಕೂದಲಿದ್ದ ಅಂಗೈಯನ್ನು ಅವರ ಮುಂದೆ ಚಾಚಿದಳು. "ಇಡ್ಕೊಳ್ಳಿ."

ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಈಗಷ್ಟೇ ಎಲ್ಲ ಕಣ್ಣಾರೆ ಕಂಡವರು, ಕಬ್ಬಿಣ ಕೊರೆಯುವ ಮಿಷಿನ್ನಿನ ಮುಂದೆ ದಿನವಿಡೀ ನಿಲ್ಲುವ ಮನುಷ್ಯ. ಕೈ ಮುಂದೆ ಬರಲೇ ಇಲ್ಲ. ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀರು ಕುದಿಯುವ ಸದ್ದು ಬರತೊಡಗಿತು. ನಾನು ನನ್ನ ಸೆರಗನ್ನು ಹಲ್ಲಿನಿಂದ ಕಚ್ಚಿ ಹಿಡಿದಿದ್ದೆನೆಂದು ಆಮೇಲೆ ಗೊತ್ತಾಯಿತು.

ಕಡೆಗೆ ಅವರು ಕೈ ಚಾಚಿದರು. ಕೂದಲನ್ನು ತೆಗೆದುಕೊಂಡರು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಮುಷ್ಟಿ ಮುಚ್ಚಿದರು.

ಅವಳು ಪಾತ್ರೆಗೆ ಹಿಟ್ಟು ಸುರಿದಳು. "ಉಪ್ಪಿಲ್ಲ," ಎಂದಳು, ಅವರ ಕಡೆ ನೋಡದೆ. "ಅಂಗ್ಡಿಗೆ ಓಗಿ ತಕ್ಕಂಬನ್ನಿ."

ಅವರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು, ಮುಷ್ಟಿಯಲ್ಲಿ ಆ ಕೂದಲನ್ನು ಹಾಗೆಯೇ ಹಿಡಿದುಕೊಂಡು, ಗೇಟು ದಾಟಿ ಅಂಗಡಿಯ ಕಡೆಗೆ ನಡೆದರು.